ಸೂರ್ಯಾ ಬೊನಾಲಿ ನಾಗಾನೊದಲ್ಲಿ ಲಾಗ ಹಾಕಿದ್ದು ಯಾಕೆ?

ಪ್ರಶ್ನೆ:
1998ರ ನಾಗಾನೊ ಒಲಿಂಪಿಕ್ಸ್‌ನ ವಿಡಿಯೊ ನೋಡಿದೆ. ಫ್ರಾನ್ಸಿನ ಫಿಗರ್ ಸ್ಕೇಟರ್ ಸೂರ್ಯಾ ಬೊನಾಲಿ ಐಸ್ ಮೇಲೆ ಹಿಂದಕ್ಕೆ ಲಾಗ ಹಾಕಿ ಒಂದೇ ಕಾಲಲ್ಲಿ ಇಳಿಯುತ್ತಾರೆ. ಬ್ಯಾಕ್‌ಫ್ಲಿಪ್‌ಗೆ ಆಗ ನಿಷೇಧ ಇತ್ತಂತೆ, ಅಂಕ ಕಳೀತಾರೆ ಅಂತ ಅವರಿಗೂ ಗೊತ್ತಿತ್ತಂತೆ. ಮತ್ಯಾಕೆ? ಬರೀ ಹಟಾನಾ?

ಉತ್ತರ 1:
ಹಟ ಅಂತಲೇ ಇಟ್ಟುಕೊಳ್ಳಿ, ಆದರೆ ಹಿಂದಿನದ್ದೂ ನೋಡಬೇಕು. 1991ರಿಂದ 95ರವರೆಗೆ ಸತತ ಐದು ಸಲ ಯುರೋಪಿಯನ್ ಚಾಂಪಿಯನ್. ವಿಶ್ವ ಚಾಂಪಿಯನ್‌ಷಿಪ್‌ಗೆ ಬಂದರೆ 93, 94, 95 ಮೂರೂ ವರ್ಷ ಬೆಳ್ಳಿ! 94ರಲ್ಲಿ ಜಪಾನಿನ ಚಿಬಾದಲ್ಲಿ ತೀರ್ಪುಗಾರರು 5-4 ಆಗಿ ಒಡೆದು ಚಿನ್ನ ಜಪಾನಿನವರೇ ಆದ ಯೂಕಾ ಸಾಟೊ ಪಾಲಾಯಿತು. ಸೂರ್ಯಾ ಪೋಡಿಯಂ ಹತ್ತದೆ ಪಕ್ಕದಲ್ಲೇ ನಿಂತರು, ಆಮೇಲೆ ಕೊರಳಿಗೆ ಹಾಕಿದ ಪದಕವನ್ನು ಅಲ್ಲೇ ತೆಗೆದುಬಿಟ್ಟರು, ಕಣ್ತುಂಬ ನೀರು, ಜನ ಬೇರೆ ಕೂಗಾಡ್ತಿದ್ದರು. 1996ರಲ್ಲಿ ಹಿಮ್ಮಡಿಯ ಅಕಿಲಿಸ್ ಟೆಂಡನ್ ಹರಿಯಿತು. ನಾಗಾನೊದಲ್ಲಿ ನೋವು ಇದ್ದೇ ಇತ್ತು, ಪದಕದ ಆಸೆ ಇರಲಿಲ್ಲ. ಇನ್ನು ಕಳೆದುಕೊಳ್ಳೋಕೆ ಏನಿತ್ತು ಹೇಳಿ?

ಉತ್ತರ 2:
ಒಂದೇ ಕಾಲಲ್ಲಿ ಇಳಿದಿದ್ದೇ ಅಸಲಿ ವಿಷಯ. 1976ರ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಟೆರಿ ಕುಬಿಕಾ ಬ್ಯಾಕ್‌ಫ್ಲಿಪ್ ಮಾಡಿದ ಮೇಲೆ ಅಪಾಯ ಅಂತ ಅದನ್ನು ನಿಷೇಧಿಸಿದರು. ಇನ್ನೊಂದು ವಾದವೂ ಇತ್ತು: ಸ್ಕೇಟಿಂಗ್ ಜಂಪ್ ಅಂದರೆ ಒಂದು ಕಾಲಲ್ಲಿ ಇಳಿಯಬೇಕು, ಲಾಗದಲ್ಲಿ ಎರಡೂ ಕಾಲು ಊರ್ತಾರೆ. ಸರಿ, ತಗೊಳ್ಳಿ ಒಂದೇ ಕಾಲು ಅಂದಹಾಗಾಯ್ತು! ಕೊನೆಗೆ ತೀರ್ಪುಗಾರರಿಗೆ ಬೆನ್ನು ಹಾಕಿ ಪ್ರೇಕ್ಷಕರಿಗೆ ನಮಸ್ಕರಿಸಿದ್ದನ್ನೂ ನೋಡಿ. ಸಿಕ್ಕಿದ್ದು 10ನೇ ಸ್ಥಾನ.

ಉತ್ತರ 3:
ಎಲ್ಲಾ ತಪ್ಪೂ ತೀರ್ಪುಗಾರರದ್ದೇ ಅನ್ನೋದು ನನಗೆ ಒಪ್ಪಿಗೆ ಇಲ್ಲ. ಸೂರ್ಯಾ ಜಿಮ್ನಾಸ್ಟಿಕ್ಸ್‌ನಿಂದ ಬಂದವರು, ನೆಗೆತದಲ್ಲಿ ಅಸಾಧ್ಯ ಶಕ್ತಿ, ಆದರೆ ಜಂಪ್‌ಗಳ ನಡುವೆ ಐಸ್ ಮೇಲೆ ಜಾರುವ ನಯ ಕಡಿಮೆ. 92ರ ಒಲಿಂಪಿಕ್ಸ್‌ನಲ್ಲಿ ನಾಲ್ಕು ಸುತ್ತಿನ ಜಂಪ್‌ಗೆ ಕೈಹಾಕಿದರು, ಸುತ್ತು ಪೂರ್ತಿ ಆಗಲಿಲ್ಲ. ಆಗಿನ 6.0 ಪದ್ಧತಿಯಲ್ಲಿ (ಗರಿಷ್ಠ ಅಂಕ 6.0) ತಾಂತ್ರಿಕತೆಗೆ ಒಂದು ಅಂಕ, ಪ್ರಸ್ತುತಿಗೆ ಇನ್ನೊಂದು. ಹೊಡೆತ ಬೀಳ್ತಿದ್ದಿದ್ದು ಆ ಎರಡನೆಯದರಲ್ಲಿ. ಹಾಗಂತ ಆ ಅಂಕದಲ್ಲಿ ಪೂರ್ವಗ್ರಹ ಇರಲೇ ಇಲ್ಲ ಅಂತಲೂ ಹೇಳಲ್ಲ. ಬಿಳಿಯರೇ ತುಂಬಿದ್ದ ಆಟದಲ್ಲಿ ಗಟ್ಟಿ ಮೈಕಟ್ಟಿನ ಕಪ್ಪು ಹುಡುಗಿ, ‘ಸೊಬಗು’ ಯಾವುದು ಅಂತ ತೀರ್ಮಾನ ಮಾಡ್ತಿದ್ದವರು ಯಾರು ಅಲ್ವಾ?

ಪ್ರಶ್ನೆ ಕೇಳಿದವರು:
ಚಿಬಾದ ಕಥೆ ಗೊತ್ತೇ ಇರಲಿಲ್ಲ, ಥ್ಯಾಂಕ್ಸ್. ಈಗಲೂ ನಿಷೇಧ ಇದೆಯಾ?

ಉತ್ತರ 2:
ಇಲ್ಲ, 2024ರಲ್ಲಿ ತೆಗೆದರು. ಈಗ ಅಂಕ ಕಳೆಯಲ್ಲ.