ಎಆರ್-15 ರೈಫಲ್‌ಗೆ ಒಳ್ಳೆಯ ಬೋಲ್ಟ್ ಕ್ಯಾರಿಯರ್ ಯಾವುದು? ನಿವೃತ್ತ ಆರ್ಮರರ್ (ಸೈನ್ಯದ ಬಂದೂಕು ದುರಸ್ತಿಗಾರ) ಅವರನ್ನು ಕೇಳಿ

ಪ್ರಶ್ನೆ (ಚಿಂತಾಮಣಿಯಿಂದ):
ಸುಬೇದಾರ್ ಸಾಹೇಬರಿಗೆ ನಮಸ್ಕಾರ. ನನ್ನ ಅಕ್ಕ, ಭಾವ ಟೆಕ್ಸಾಸ್‌ನಲ್ಲಿ ನೆಲೆಸಿದ್ದಾರೆ, ಅಲ್ಲಿಯ ಪೌರರು. ಭಾವನವರ ಬಳಿ ಎಆರ್-15 ಮಾದರಿಯ ಅರೆಸ್ವಯಂಚಾಲಿತ ರೈಫಲ್ ಇದೆ. ಅದರ ಬೋಲ್ಟ್ ಕ್ಯಾರಿಯರ್ ಸೆಟ್ (ಬೋಲ್ಟ್, ಮತ್ತು ಅದನ್ನು ಹೊತ್ತು ಹಿಂದೆ ಮುಂದೆ ಜಾರುವ ಉಕ್ಕಿನ ಭಾಗ) ಸವೆದಿದೆಯಂತೆ. ಎರಡು ಸೆಟ್‌ಗಳ ಫೋಟೋ ಕಳುಹಿಸಿದ್ದಾರೆ: ಒಂದು ಮಾಸಲು ಕಪ್ಪು, ಇನ್ನೊಂದು ಚಿನ್ನದ ಬಣ್ಣ. ಚಿನ್ನದ ಬಣ್ಣದ್ದಕ್ಕೆ ಬೆಲೆ ಎರಡರಷ್ಟು. ಅದೇ ಹೆಚ್ಚು ಗಟ್ಟಿಯೇ?

ಉತ್ತರ:
ನಮಸ್ಕಾರ. ಬಣ್ಣವನ್ನು ಕೊನೆಗೆ ನೋಡಲು ಹೇಳಿ. ಚಿನ್ನದ ಬಣ್ಣ ಸಾಮಾನ್ಯವಾಗಿ ಟೈಟೇನಿಯಂ ನೈಟ್ರೈಡ್ ಲೇಪನದ್ದು. ಮಸಿ ಬೇಗ ಒರೆಸಿಹೋಗುತ್ತದೆ, ಅದು ನಿಜವಾದ ಅನುಕೂಲ. ಆದರೆ ಲೇಪನದ ಕೆಳಗಿರುವ ಉಕ್ಕು ಕೆಟ್ಟದ್ದಾದರೆ ಯಾವ ಬಣ್ಣವೂ ಅದನ್ನು ಉಳಿಸುವುದಿಲ್ಲ. ಮಾಸಲು ಕಪ್ಪು ಎಂದರೆ ಬಹುಶಃ ಫಾಸ್ಫೇಟ್. ಸೈನ್ಯದ ಎಂ16, ಎಂ4 ರೈಫಲ್‌ಗಳಿಗೂ ಅದೇ ಲೇಪನ. ಕ್ಯಾರಿಯರ್ ಒಳಗಿನ ರಂಧ್ರಕ್ಕೆ ಕ್ರೋಮ್ ಇದೆಯೇ ಎಂದು ಮಾತ್ರ ಕೇಳಲಿ.

ಇಡೀ ಸೆಟ್‌ನಲ್ಲಿ ಅತಿ ಹೆಚ್ಚು ಪೆಟ್ಟು ತಿನ್ನುವುದು ಬೋಲ್ಟ್. ಅದರ ಮುಂಭಾಗದಲ್ಲಿರುವ ಏಳು ಹಲ್ಲುಗಳೇ ನಳಿಕೆಯ ಹಿಂಬದಿಗೆ ಬೀಗ ಹಾಕಿ, ಗುಂಡು ಸಿಡಿದಾಗಿನ ಒತ್ತಡವನ್ನು ಹೊರುತ್ತವೆ. ಎಂಟನೆಯ ಹಲ್ಲಿನ ಜಾಗದಲ್ಲಿ ಖಾಲಿ ಕೇಸನ್ನು ಎಳೆಯುವ ಎಕ್ಸ್‌ಟ್ರಾಕ್ಟರ್ ಕೂತಿರುತ್ತದೆ. ಬಿರುಕು ಬಿಡುವುದು ಹೆಚ್ಚಾಗಿ ಎಕ್ಸ್‌ಟ್ರಾಕ್ಟರ್‌ನ ಅಕ್ಕಪಕ್ಕದ ಹಲ್ಲುಗಳಲ್ಲಿ, ಇಲ್ಲವೇ ಬೋಲ್ಟನ್ನು ತಿರುಗಿಸುವ ಕ್ಯಾಮ್ ಪಿನ್ ಹಾದುಹೋಗುವ ತೂತಿನ ಬಳಿ. ಆ ತೂತು ಬೋಲ್ಟ್‌ನ ನಡುವನ್ನೇ ಕೊರೆದು ತೆಳುವಾಗಿಸುತ್ತದೆ.

ಆದ್ದರಿಂದ ಮೊದಲ ಪ್ರಶ್ನೆ, ಬೋಲ್ಟ್ ಯಾವ ಉಕ್ಕಿನದ್ದು? ಸೈನ್ಯದ ನಿರ್ದಿಷ್ಟತೆ ಹೇಳುವುದು ಕಾರ್ಪೆಂಟರ್ 158 ಎಂಬ ಉಕ್ಕು. 9310 ಉಕ್ಕೂ ಒಳ್ಳೆಯದೇ, ಹದ ಸರಿಯಾಗಿ ಬಿದ್ದಿದ್ದರೆ. ನಮ್ಮೂರ ಕಮ್ಮಾರರು ಕುಡುಗೋಲಿಗೆ ಹದ ಕೊಡುವುದನ್ನು ನೋಡಿರುತ್ತೀರಿ. ಹದ ಮೀರಿದರೆ ಅಲಗು ಚಕ್ಕೆ ಏಳುತ್ತದೆ, ಸಾಲದಿದ್ದರೆ ನಾಲ್ಕು ಕಂತೆ ಕೊಯ್ಯುವಷ್ಟರಲ್ಲಿ ಮೊಂಡಾಗುತ್ತದೆ. ಇಲ್ಲಿಯೂ ಅಷ್ಟೇ: ಮೇಲ್ಮೈ ಗಡಸಾಗಿರಬೇಕು, ಒಡಲು ಪೆಟ್ಟು ತಾಳಬೇಕು. ಕ್ಯಾರಿಯರ್‌ಗೆ 8620 ಉಕ್ಕು ಸಾಕು.

ಎರಡನೆಯದು ಪರೀಕ್ಷೆ. ಒಳ್ಳೆಯ ತಯಾರಕರು ಅಧಿಕ ಒತ್ತಡದ ಗುಂಡು ಹಾರಿಸಿ ಬೋಲ್ಟನ್ನು ಪರೀಕ್ಷಿಸಿ, ಆನಂತರ ಕಾಂತೀಯ ಕಣ ಪರೀಕ್ಷೆ ಮಾಡುತ್ತಾರೆ. ಬೋಲ್ಟನ್ನು ಕಾಂತೀಯಗೊಳಿಸಿ, ಕಬ್ಬಿಣದ ಸೂಕ್ಷ್ಮ ಪುಡಿ ಬೆರೆಸಿದ ದ್ರವ ಹರಿಸಿ, ನೇರಳಾತೀತ ದೀಪದ ಕೆಳಗೆ ಹಿಡಿಯುತ್ತಾರೆ. ಬಿರುಕಿದ್ದರೆ ಪುಡಿ ಅಲ್ಲಿಗೇ ಹೋಗಿ ಇರುವೆ ಸಾಲಿನಂತೆ ನಿಂತು ಹೊಳೆಯುತ್ತದೆ. ಬೋಲ್ಟ್ ಮೇಲಿನ ‘ಎಂಪಿ’ ಗುರುತು ಈ ಪರೀಕ್ಷೆಯದ್ದು. ಆದರೆ ಗುರುತು ನೋಡಿ ಸುಮ್ಮನಾಗಬೇಡಿ. ಪ್ರತಿಯೊಂದು ಬೋಲ್ಟನ್ನೂ ಪರೀಕ್ಷಿಸುತ್ತಾರೆಯೇ, ರಾಶಿಯಿಂದ ಒಂದೆರಡನ್ನು ಮಾತ್ರವೇ ಎಂದು ಭಾವನವರು ಲಿಖಿತವಾಗಿ ಕೇಳಲಿ.

ಮೂರನೆಯದು ಗ್ಯಾಸ್ ಕೀ. ಇದರ ಬಗ್ಗೆ ನನಗೆ ಹಟವೇ ಇದೆ. ನಳಿಕೆಯಿಂದ ಬರುವ ಬಿಸಿ ಅನಿಲ ಇದರ ಮೂಲಕವೇ ಕ್ಯಾರಿಯರ್ ಒಳಗೆ ನುಗ್ಗಿ ಅದನ್ನು ಹಿಂದಕ್ಕೆ ತಳ್ಳುವುದು. ಇದನ್ನು ಹಿಡಿದಿರುವುದು ಎರಡೇ ಸ್ಕ್ರೂ. ಅವು ಸಡಿಲವಾಗದಂತೆ ಕೀ ಅಂಚಿನ ಲೋಹವನ್ನು ಪಂಚ್‌ನಿಂದ ಹೊಡೆದು ಸ್ಕ್ರೂ ತಲೆಯ ಮೇಲೆ ಒತ್ತಿರಬೇಕು. ಕಳೆದ ವರ್ಷ ಮಗಳ ಮನೆಗೆ ಅಮೆರಿಕಕ್ಕೆ ಹೋಗಿದ್ದಾಗ ಅಳಿಯನ ರೈಫಲ್ ಮೂರು ಗುಂಡಿಗೊಮ್ಮೆ ನಿಲ್ಲುತ್ತಿತ್ತು. ಖಾಲಿ ಕೇಸುಗಳು ದೂರ ಹಾರದೆ ಕಾಲ ಬಳಿಯೇ ಬೀಳುತ್ತಿದ್ದವು. ಅವನು ಕ್ಯಾರಿಯರನ್ನು ಬಿಚ್ಚಿ ನನ್ನ ಕೈಗಿತ್ತ. ಗ್ಯಾಸ್ ಕೀ ಬುಡದ ಸುತ್ತ ಕಾಡಿಗೆ ತೀಡಿದಂತೆ ಮಸಿ. ಪಂಚ್ ಗುರುತೇನೋ ಇತ್ತು, ಆದರೆ ಲೋಹ ಸ್ಕ್ರೂವಿಗೆ ತಾಗಿಯೇ ಇರಲಿಲ್ಲ. ಉಗುರು ಆಡಿಸಿದರೆ ನಡುವೆ ಸಂದು ಸಿಗುತ್ತಿತ್ತು. ಅನಿಲವೆಲ್ಲ ಅಲ್ಲಿಂದಲೇ ಸೋರುತ್ತಿತ್ತು.

ಪ್ರಶ್ನೆ (ಕೋಲಾರದಿಂದ, ಮಾಜಿ ಸೈನಿಕರು):
ಸಾಹೇಬರೇ, ನಮ್ಮ ಸೈನ್ಯದ ಸಿಗ್ 716ಕ್ಕೂ ಈ ಉಗುರಿನ ಪರೀಕ್ಷೆ ನಡೆಯುತ್ತದೆಯೇ?

ಉತ್ತರ:
2019ರಲ್ಲಿ 72,400 ರೈಫಲ್‌ಗಳಿಗೆ ಒಪ್ಪಂದವಾಯಿತಲ್ಲ, ಅದು ಪಿಸ್ಟನ್ ಮಾದರಿಯೇ ಎಂದು ಮೊದಲು ನೋಡಿಕೊಳ್ಳಿ. ಪಿಸ್ಟನ್ ಮಾದರಿಯಾದರೆ ನಡೆಯುವುದಿಲ್ಲ. ಅಲ್ಲಿ ಅನಿಲ ಕ್ಯಾರಿಯರ್ ಒಳಗೆ ಬರುವುದೇ ಇಲ್ಲ, ಕ್ಯಾರಿಯರನ್ನು ತಳ್ಳುವುದು ಒಂದು ಕಂಬಿ.

ಪ್ರಶ್ನೆ (ತುಮಕೂರು, ವಸಂತನರಸಾಪುರದಿಂದ):
ಸರ್, ನಮ್ಮದು ಸಣ್ಣ ಸಿಎನ್‌ಸಿ ವರ್ಕ್‌ಶಾಪ್, ಟ್ರ್ಯಾಕ್ಟರ್ ಗೇರ್‌ಗಳನ್ನು ಮಾಡುತ್ತೇವೆ. ವಿದೇಶಿ ಖರೀದಿದಾರರೊಬ್ಬರು ಬೋಲ್ಟ್ ಕ್ಯಾರಿಯರ್ ಡ್ರಾಯಿಂಗ್ ಕಳುಹಿಸಿ, ಒಂದೇ ಒಂದು ಮಾದರಿ ಮಾಡಿಕೊಡಿ ಎಂದಿದ್ದಾರೆ. ಇಡೀ ಬಂದೂಕಲ್ಲವಲ್ಲ, ಮಾಡಬಹುದೇ?

ಉತ್ತರ:
ದಯವಿಟ್ಟು ಮಾಡಬೇಡಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ 2ನೇ ಸೆಕ್ಷನ್ ‘ಆಯುಧ’ ಎಂಬ ಪದದೊಳಗೆ ಬಿಡಿಭಾಗಗಳನ್ನೂ ಸೇರಿಸಿದೆ, ತಯಾರಿಸುವ ಯಂತ್ರಗಳನ್ನೂ ಸೇರಿಸಿದೆ. 5ನೇ ಸೆಕ್ಷನ್ ಪ್ರಕಾರ ತಯಾರಿಕೆಗೆ ಲೈಸೆನ್ಸ್ ಬೇಕು. ಒಂದು ಮಾಡಿದರೂ ತಯಾರಿಕೆಯೇ. ನಿಮ್ಮನ್ನು ನಂಬಿ ದುಡಿಯುವ ಹುಡುಗರಿದ್ದಾರೆ, ಅವರ ಕೈಗೆ ಈ ಕೆಲಸ ಕೊಡಬೇಡಿ. ನಿಜವಾಗಿ ಆಸಕ್ತಿಯಿದ್ದರೆ 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಮೊದಲು ಲೈಸೆನ್ಸ್ ಪಡೆಯಿರಿ, ಡ್ರಾಯಿಂಗ್ ಮಾತು ಆಮೇಲೆ. ಗೇರ್‌ಗಳಿಗೆ ಕಾಂತೀಯ ಕಣ ಪರೀಕ್ಷೆ ಕಲಿಯುವುದಾದರೆ ಮಾತ್ರ ಖಂಡಿತ ಕಲಿಯಿರಿ, ನಾನೇ ಬಂದು ತೋರಿಸುತ್ತೇನೆ.

ಮರುಪ್ರಶ್ನೆ (ಚಿಂತಾಮಣಿಯಿಂದ):
ಭಾವನವರು ಕಪ್ಪನೆಯದನ್ನೇ ತರಿಸಿದರು. ಸ್ಕ್ರೂ ಬಳಿ ಉಗುರಿಗೆ ಸಂದು ಸಿಗುವುದಿಲ್ಲವಂತೆ. ಇನ್ನು ಹಾಕಿ ಹಾರಿಸಬಹುದೇ? ಬರುವ ತಿಂಗಳು ಊರಿಗೆ ಬರುವಾಗ ಹಳೆಯದನ್ನು ನಿಮಗೆ ತೋರಿಸಲು ತರುತ್ತೇನೆ ಎಂದಿದ್ದಾರೆ.

ಉತ್ತರ:
ಹಳೆಯದನ್ನು ಖಂಡಿತ ತರಬಾರದು. ಮೇಲೆ ಹೇಳಿದ ಕಾನೂನು ಸವೆದ ಬಿಡಿಭಾಗಕ್ಕೂ ಅನ್ವಯಿಸುತ್ತದೆ. ಲೈಸೆನ್ಸ್ ಇಲ್ಲದೆ ಆಮದು ಮಾಡುವಂತಿಲ್ಲ. ಇವತ್ತೇ ಫೋನ್ ಮಾಡಿ ಹೇಳಿ, ಫೋಟೋ ಸಾಕು.

ಹಾರಿಸುವ ಮುನ್ನ ಎರಡು ಕೆಲಸ. ಬೋಲ್ಟನ್ನು ಪೂರ್ತಿ ಹೊರಗೆಳೆದು, ಅದರ ಮೂತಿಯ ಮೇಲೆ ಕ್ಯಾರಿಯರನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಲಿ. ತನ್ನ ಭಾರಕ್ಕೆ ತಾನೇ ಕುಸಿಯದಿದ್ದರೆ ಬೋಲ್ಟ್ ಸುತ್ತ ಅನಿಲ ಸೋರದಂತೆ ತಡೆಯುವ ಮೂರು ಗ್ಯಾಸ್ ರಿಂಗ್‌ಗಳು ಸರಿಯಾಗಿವೆ. ಇನ್ನೊಂದು, ಹಳೆಯ ನಳಿಕೆಗೆ ಹೊಸ ಬೋಲ್ಟ್ ಸೇರುತ್ತಿದೆ, ಹಾಗಾಗಿ ಹೆಡ್‌ಸ್ಪೇಸ್ (ಬೋಲ್ಟ್ ಮುಖಕ್ಕೂ ನಳಿಕೆಯಲ್ಲಿ ಗುಂಡು ಕೂರುವ ಜಾಗಕ್ಕೂ ನಡುವಿನ ಅಂತರ) ಅಳೆಯಲೇಬೇಕು. ‘ಗೋ’ ಗೇಜ್ (ಅಳತೆಯ ತುಂಡು) ಇಟ್ಟಾಗ ಬೋಲ್ಟ್ ಮುಚ್ಚಿಕೊಳ್ಳಬೇಕು, ‘ನೋ-ಗೋ’ ಇಟ್ಟಾಗ ಮುಚ್ಚಿಕೊಳ್ಳಬಾರದು. ಅವರಲ್ಲಿ ಗೇಜ್ ಇಲ್ಲದಿದ್ದರೆ ಹತ್ತಿರದ ಗನ್‌ಸ್ಮಿತ್ ಬಳಿ ಒಯ್ಯಲಿ. ಬಲವಂತವಾಗಿ ಒತ್ತಿ ಮುಚ್ಚುವುದು ಬೇಡ, ಬೆರಳಿನ ಬಲ ಸಾಕು. ಗೇಜ್ ಏನು ಹೇಳಿತು ಎಂದು ಇಲ್ಲಿ ಬರೆಯಿರಿ, ಕಾಯುತ್ತಿರುತ್ತೇನೆ.