ಫ್ಲಾಟಿನವರೆಲ್ಲ ಸೇರಿ ಮಾಡಿದ ತರಕಾರಿ ತೋಟದಲ್ಲಿ ನೀರು ನಿಲ್ತದೆ, ಬೆಂಡೆ ಹಳದಿ, ಎಂತ ಮಾಡುದು?

ತಿಮರೆಚಟ್ನಿ:
ಕಾಸರಗೋಡು ಪೇಟೆಯಲ್ಲೇ ನಮ್ಮ ಫ್ಲಾಟು. ಹಿಂದೆ 5 ಸೆಂಟ್ ಖಾಲಿ ಇತ್ತು, 9 ಮನೆಯವರು ಸೇರಿ ಮೇಯಲ್ಲಿ ತರಕಾರಿ ಹಾಕಿದ್ದು. ಯಾರಿಗೂ ಹೆಚ್ಚುಕಮ್ಮಿ ಆಗ್ಬಾರ್ದು ಅಂತ ಒಂದು ಮನೆಗೆ ಒಂದು ಸಾಲು, ಮೇಲಿನ ಗೋಡೆಯಿಂದ ಕೆಳಗಿನ ಗೇಟಿನವರೆಗೆ ಉದ್ದಕ್ಕೆ. ಮಳೆ ಹಿಡಿದದ್ದೇ ಮೇಲೆ ಮಣ್ಣು ಕೊಚ್ಚಿ ಬೇರು ಕಾಣ್ತದೆ, ಕೆಳಗೆ ನೀರು ನಿಂತು ಬೆಂಡೆ ಅಲಸಂಡೆ ಎಲ್ಲ ಹಳದಿ. ಇಬ್ಬರು ಆಗಲೇ ಸಿಮೆಂಟ್ ಹಾಕಿ ಪಾರ್ಕಿಂಗ್ ಮಾಡುವ ಅಂತ ಶುರು ಮಾಡಿದ್ದಾರೆ ಮಾರಾಯ್ರೆ.

ಮುರಕಲ್ಲು:
ಸಾಲಿಗೆ ತುಂಬಿಸಿದ್ದು ಎಂತ? ಟೆರೇಸಿನ ನೀರಿನ ಪೈಪ್ ಎಲ್ಲಿಗೆ ಬಿಟ್ಟದ್ದು? ಎಲೆಯ ನರ ಮಾತ್ರ ಹಳದಿಯಾ, ಅಲ್ಲ ಅಡಿಯ ಹಳೇ ಎಲೆ ಇಡೀ ಹಳದಿಯಾ?

ತಿಮರೆಚಟ್ನಿ:
ಅಡಿಯ ಎಲೆ ಇಡೀ. ಅರ್ಧ ಮಣ್ಣು, ಅರ್ಧ ತೆಂಗಿನ ನಾರಿನ ಹುಡಿ, ಫ್ಯಾಕ್ಟರಿಯಿಂದ ಫ್ರೀ ಸಿಕ್ಕಿತು. ಪೈಪ್... ಹೌದು, ಮೇಲಿನ ಗೋಡೆ ಹತ್ರವೇ ಬೀಳ್ತದೆ.

ಮುರಕಲ್ಲು:
ಹಾಗಾದ್ರೆ ವೈರಸ್ ಅಲ್ಲ, ನರ ಹಳದಿ ಆಗಿದ್ರೆ ಕಿತ್ತು ಬಿಸಾಡಿ ಅಂತಿದ್ದೆ. ಲೆಕ್ಕ ಹಾಕಿ, ಟೆರೇಸು 200 ಚದರ ಮೀಟರ್ ಅಂತ ಇಟ್ಕೊಳ್ಳಿ, ಆಟಿ ತಿಂಗಳ ಜೋರು ಮಳೆಯಲ್ಲಿ ಒಂದು ದಿನ 100 ಮಿ.ಮೀ. ಹೊಡೆದ್ರೆ 20 ಸಾವಿರ ಲೀಟರ್ ನಿಮ್ಮ ತೋಟದ ತಲೆ ಮೇಲೆ, ಸಾಲೂ ಇಳಿಜಾರಿಗೇ ಇರುದ್ರಿಂದ ಅದು ಸಾಲಲ್ಲ, ತೋಡು. ಮೊದಲು ಪೈಪಿಗೆ ಇನ್ನೊಂದು ತುಂಡು ಹಾಕಿ ಬದಿಯ ಚರಂಡಿಗೆ ಬಿಡಿ, ಒಂದು ಫಿಲ್ಟರ್ ಕಟ್ಟಿದ್ರೆ ಬಾವಿಗೂ ಆದೀತು. ಆಮೇಲೆ ಸಾಲನ್ನು ಅಡ್ಡಕ್ಕೆ ತಿರುಗಿಸಿ. 4 ಅಡಿಗಿಂತ ಅಗಲ ಬೇಡ, ಎರಡೂ ಬದಿಯಿಂದ ಕೈ ಎಟಕ್ಬೇಕು, ಇಲ್ಲದಿದ್ರೆ ಮೆಟ್ಟಿ ಮೆಟ್ಟಿ ಮಣ್ಣು ಗಟ್ಟಿ ಆಗ್ತದೆ. ನಡುವಿನ ದಾರಿಗೆ ತೆಂಗಿನ ಸಿಪ್ಪೆ ಕವುಚಿ ಹಾಕಿ.

ಇನ್ನು ಆ ಹುಡಿ. ಹಸಿ ಹುಡಿ ಸ್ಪಂಜಿನ ಹಾಗೆ ನೀರು ಹಿಡಿತದೆ, ಮತ್ತೆ ಅದು ಕೊಳಿಯುವಾಗ ಮಣ್ಣಿನ ಸಾರಜನಕವನ್ನೇ ತಿಂತದೆ, ಗಿಡಕ್ಕೆ ಎಂತ ಉಳಿತದೆ? ತೆಗೆದು ಸೆಗಣಿ ಹಾಕಿ ಕಾಂಪೋಸ್ಟಿಗೆ ಹಾಕಿ. ಮಣ್ಣು ಕೃಷಿ ಭವನದ ಮೂಲಕ ಟೆಸ್ಟ್ ಮಾಡ್ಸಿ, ನಮ್ಮ ಮುರ ಮಣ್ಣು (ಕೆಂಪು ಕಲ್ಲಿನ ಮಣ್ಣು) ಹೆಚ್ಚಾಗಿ ಹುಳಿ, ಅವರು ಹೇಳಿದಷ್ಟೇ ಸುಣ್ಣ ಹಾಕಿ.

ಬಸಳೆಚಪ್ಪರ:
ಅಡ್ಡಕ್ಕೆ ಮಾಡಿದ್ರೆ ಕೆಳಗಿನ ಸಾಲು ಯಾರಿಗೆ? ಜಗಳ ಅಲ್ಲೇ ಶುರು. ಅದನ್ನು ಯಾರಿಗೂ ಕೊಡ್ಬೇಡಿ, ಎಲ್ಲರದ್ದು ಅಂತ ಕೆಸು, ತಿಮರೆ (ಒಂದೆಲಗ) ಹಾಕಿ, ಎರಡಕ್ಕೂ ಕೆಸರೇ ಬೇಕು. ಪತ್ರೊಡೆ ಎಲೆ ಫ್ರೀ ಸಿಗುವಾಗ ಪಾರ್ಕಿಂಗಿನವರೂ ಸುಮ್ಮನಾಗ್ತಾರೆ 😄

ತಿಮರೆಚಟ್ನಿ:
3 ವಾರ ಆಯ್ತು. ಪೈಪ್ ತಿರುಗಿಸಿದ ಮರುದಿನವೇ ನೀರು ನಿಲ್ಲುದು ಮುಕ್ಕಾಲು ಕಮ್ಮಿ. ಹಳೇ ಬೆಂಡೆ ಉಳೀಲಿಲ್ಲ, ಹೊಸ ಬೀಜ ಹಾಕಿದ್ದೇವೆ. ಕೆಸು ಭರ್ಜರಿ, ಆದ್ರೆ ಎಳೇ ಎಲೆ ಎಲ್ಲ ಬೆಳಗ್ಗೆ 6 ಗಂಟೆಗೇ ಯಾರೋ ಕೊಯ್ದುಕೊಂಡು ಹೋಗ್ತಾರೆ, ಅದಕ್ಕೆ ಎಂತ ಪರಿಹಾರ?