ಧನಿಗಳ ಸಿಟ್ಟು, ಪ್ಯಾಕೆಟ್ಟಿನ ಹೆಸರು: ನಷ್ಟವನ್ನು ಅಳೆಯುವುದು ಹೇಗೆ?

ಪ್ರಶ್ನೆ (ಬದಿಯಡ್ಕ)

ಬದಿಯಡ್ಕದ ಸಮೀಪದ ಒಂದು ತೆಂಗಿನೆಣ್ಣೆ ಕಂಪನಿಯಲ್ಲಿ ಮಾರಾಟದ ಲೆಕ್ಕ ನೋಡಿಕೊಳ್ಳುತ್ತಿದ್ದೇನೆ. ನಮ್ಮ ಮ್ಯಾನೇಜಿಂಗ್ ಡೈರೆಕ್ಟರರ ಭಾವಚಿತ್ರವನ್ನೇ ಪ್ಯಾಕೆಟ್ಟಿನ ಮೇಲೆ ಮುದ್ರಿಸುತ್ತ ಬಂದಿದ್ದೇವೆ. ಓಣಂಗೆ ಮುಂಚೆ, ಕಾರು ನಿಲ್ಲಿಸುವ ಜಾಗದ ವಿಚಾರದಲ್ಲಿ ಅವರು ಕಾಸರಗೋಡು ಪೇಟೆಯಲ್ಲಿ ವಯಸ್ಸಾದ ಆಟೋ ಚಾಲಕರೊಬ್ಬರನ್ನು ಕೆಟ್ಟದಾಗಿ ಬೈದು ಕೈಯೆತ್ತಲು ಹೋದ ವೀಡಿಯೋ, ಮಲಯಾಳದ ಅಡಿಬರಹದೊಂದಿಗೆ ವಾಟ್ಸ್‌ಆ್ಯಪ್ ಗುಂಪುಗಳಲ್ಲೆಲ್ಲ ಹರಿದಾಡಿತು. ದೂರು ದಾಖಲಾಗದೆ ಮಾತುಕತೆಯಲ್ಲಿ ಮುಗಿದ ವಿಷಯವಾದರೂ, ಅಂದಿನಿಂದ ಚೆರ್ಕಳ–ಕುಂಬಳೆ ಲೈನಿನ ಹಲವು ಅಂಗಡಿಗಳು ಆರ್ಡರ್ ಕಡಿಮೆ ಮಾಡಿವೆ. ಲೈನಿಗೆ ಹೋಗುವ ನಮ್ಮ ಹುಡುಗರನ್ನು ‘ನಿಮ್ಮ ಧನಿಗಳ ಕೋಪ ಇಳಿಯಿತೇ?’ ಎಂದು ಕೆಣಕುವವರೂ ಇದ್ದಾರೆ. ಎಣ್ಣೆಯ ಗುಣದಲ್ಲಿ ಎಳ್ಳಷ್ಟೂ ವ್ಯತ್ಯಾಸವಾಗಿಲ್ಲ, ಆದ್ದರಿಂದ ಇದು ನಾಲ್ಕು ದಿನದ ಮಾತು ಎಂಬುದು ಧನಿಗಳ ವಾದ. ಮುಖ್ಯಸ್ಥರ ವೈಯಕ್ತಿಕ ನಡತೆಯಿಂದ ಬ್ರ್ಯಾಂಡಿಗೆ ನಿಜವಾಗಿ ಎಷ್ಟು ಪೆಟ್ಟು ಬೀಳುತ್ತದೆ? ಅದನ್ನು ಬೇರೆ ಕಾರಣಗಳಿಂದ ಬಿಡಿಸಿ ನೋಡುವ ದಾರಿ ಇದೆಯೇ?

ಉತ್ತರ 1 (ಮಂಜೇಶ್ವರ)

ಮುಂಬಯಿಯ ಜಾಹೀರಾತು ಸಂಸ್ಥೆಗಳಲ್ಲಿ ಬಹುಕಾಲ ದುಡಿದು ಊರಿಗೆ ಮರಳಿದವನು ನಾನು. ಕೊಳ್ಳುವವರ ಮನಸ್ಸಿನಲ್ಲಿ ಆ ವ್ಯಕ್ತಿಗೂ ಸರಕಿಗೂ ಎಷ್ಟು ನಂಟಿದೆ ಎಂಬುದರ ಮೇಲೆ ಪೆಟ್ಟಿನ ಪ್ರಮಾಣ ನಿಂತಿದೆ ಎಂದು ನನ್ನ ಅಭಿಪ್ರಾಯ. ಕೈಕೆಳಗಿನ ಉದ್ಯೋಗಿಯೊಂದಿಗಿನ ಪ್ರೇಮ ಸಂಬಂಧವನ್ನು ಮುಚ್ಚಿಟ್ಟರೆಂದು ನೆಸ್ಲೆ ಕಂಪನಿ 2025ರ ಸೆಪ್ಟೆಂಬರಿನಲ್ಲಿ ತನ್ನ ಸಿಇಒ ಅವರನ್ನೇ ವಜಾ ಮಾಡಿತು. ಆ ಕಾರಣಕ್ಕಾಗಿ ಮ್ಯಾಗಿ ಬಿಟ್ಟವರನ್ನು ನಾನಂತೂ ಕಾಣೆ. ಅದೇ ಮ್ಯಾಗಿಯಲ್ಲಿ ಸೀಸದ ಅಂಶ ಮಿತಿಮೀರಿದೆಯೆಂದು 2015ರ ಜೂನಿನಲ್ಲಿ ಮಾರಾಟ ನಿಂತಾಗ ಎಷ್ಟು ಗದ್ದಲವಾಯಿತೆಂಬುದು ಎಲ್ಲರಿಗೂ ಗೊತ್ತು. ನೂಡಲ್ಸ್ ತಿನ್ನುವವರಿಗೆ ಸ್ವಿಟ್ಜರ್ಲೆಂಡಿನ ಸಿಇಒ ಯಾರೆಂಬುದೇ ತಿಳಿದಿರುವುದಿಲ್ಲ.

ನಿಮ್ಮದು ಅದಕ್ಕೆ ತದ್ವಿರುದ್ಧವಾದ ಸ್ಥಿತಿ. ಅಮೆರಿಕದ ಪಾಪಾ ಜಾನ್ಸ್ ಪಿಜ್ಜಾ ಕಂಪನಿಯ ಜಾಹೀರಾತುಗಳಲ್ಲೆಲ್ಲ ಸ್ಥಾಪಕ ಜಾನ್ ಶ್ನಾಟರ್ ಅವರ ಮುಖವೇ ಇತ್ತು. ಅವರು ಜನಾಂಗೀಯ ನಿಂದನೆಯ ಪದ ಬಳಸಿದ್ದು 2018ರಲ್ಲಿ ಬಯಲಾದಾಗ, ಅಧ್ಯಕ್ಷ ಸ್ಥಾನದಿಂದ ಅವರು ಇಳಿದರೂ ಸಾಲದೆ, ಪ್ರಚಾರ ಸಾಮಗ್ರಿಯಿಂದ ಆ ಮುಖವನ್ನೇ ತೆಗೆಯಬೇಕಾಗಿ ಬಂತು.

ನಮ್ಮ ಕರಾವಳಿ ಮೂಲದ ವಿಜಯ್ ಮಲ್ಯ ಅವರ ಉದಾಹರಣೆ ಇದಕ್ಕಿಂತ ಕುತೂಹಲಕರವಾದುದು. ವಿಮಾನ ಸಂಸ್ಥೆಗೂ ಬಿಯರಿಗೂ ಕಿಂಗ್‌ಫಿಷರ್ ಎಂಬ ಒಂದೇ ಹೆಸರು. ಎರಡಕ್ಕೂ ಅವರೇ ಮುಖ. ನೌಕರರಿಗೆ ತಿಂಗಳುಗಟ್ಟಲೆ ಸಂಬಳ ಬಾಕಿ ಉಳಿದು 2012ರ ಅಕ್ಟೋಬರಿನಲ್ಲಿ ವಿಮಾನಗಳು ನೆಲ ಹಿಡಿದವು. 2015ರ ಕೊನೆಗೆ ಗೋವಾದಲ್ಲಿ ಅವರ ಅರುವತ್ತನೆಯ ಹುಟ್ಟುಹಬ್ಬದ ವೈಭವ ಸುದ್ದಿಯಾದಾಗ ಜನ ಇನ್ನಷ್ಟು ಕೆರಳಿದರು. ಆದರೂ ಬಿಯರ್ ಮಾರಾಟವಾಗುತ್ತಲೇ ಹೋಯಿತು, ಏಕೆಂದರೆ ಕುಡಿಯುವವನಿಗೆ ಆ ಬಾಟಲಿಯಿಂದ ಬೇಕಾದದ್ದು ಮಲ್ಯರ ಪ್ರಾಮಾಣಿಕತೆಯಲ್ಲ. ನಿಮ್ಮ ಪ್ಯಾಕೆಟ್ಟಾದರೋ ಧನಿಗಳ ಸಜ್ಜನಿಕೆಯನ್ನೇ ಮಾರುತ್ತಿದೆ.

ಉತ್ತರ 2 (ಉಪ್ಪಳ)

ನಾನು ಕಿರಾಣಿ ಅಂಗಡಿ ನಡೆಸುವವನು; ಮೇಲಿನವರ ಮಾತನ್ನು ಪೂರ್ತಿ ಒಪ್ಪಲಾರೆ. 2025ರಲ್ಲಿ ತೆಂಗಿನೆಣ್ಣೆಯ ಬೆಲೆ ಏರಿದ ರಭಸಕ್ಕೆ, ಲೀಟರಿನ ಪ್ಯಾಕೆಟ್ ಒಯ್ಯುತ್ತಿದ್ದವರು ಅರ್ಧ ಲೀಟರಿಗೂ, ಅರ್ಧ ಲೀಟರಿನವರು ಬೇರೆ ಎಣ್ಣೆಗೂ ಇಳಿದರು. ಒಂದು ಪೆಟ್ಟಿಗೆ ಇಳಿಸಿಕೊಳ್ಳಲು ಹೂಡಬೇಕಾದ ಹಣ ಅಷ್ಟು ಹೆಚ್ಚಿದ ಮೇಲೆ, ಯಾವ ಕಂಪನಿಯದ್ದಾದರೂ ಅಂಗಡಿಯವನು ಆರ್ಡರ್ ಇಳಿಸಿಯೇ ಇಳಿಸುತ್ತಾನೆ. ಎಲ್ಲವನ್ನೂ ವೀಡಿಯೋದ ತಲೆಗೆ ಕಟ್ಟುವ ಮೊದಲು, ಪುತ್ತೂರು–ಸುಳ್ಯ ಕಡೆಯ ನಿಮ್ಮ ಲೈನಿನ ಲೆಕ್ಕವನ್ನೂ ಎದುರಿಗಿಟ್ಟು ನೋಡಿ. ಅಲ್ಲಿ ಬೆಲೆ ಏರಿದ್ದು ಇಲ್ಲಿಯಂತೆಯೇ, ವೀಡಿಯೋ ನೋಡಿದವರು ಮಾತ್ರ ಕಡಿಮೆ ಇರಬೇಕು. ಎರಡೂ ಕಡೆ ಒಂದೇ ಪ್ರಮಾಣದಲ್ಲಿ ಇಳಿದಿದ್ದರೆ ದೋಷ ಬೆಲೆಯದ್ದು.

ಹಾಗೆಂದು ನಿಮ್ಮ ಧನಿಗಳು ನಿಶ್ಚಿಂತೆಯಿಂದ ಇರಬಹುದೆಂದು ನಾನು ಹೇಳುತ್ತಿಲ್ಲ. ನನ್ನ ಅಂಗಡಿಯ ಎದುರೇ ಆಟೋ ಸ್ಟ್ಯಾಂಡ್ ಇದೆ. ಸಾಮಾನು ಹೊತ್ತು ಆಟೋ ಹತ್ತುವ ಗಿರಾಕಿಯ ಚೀಲದಲ್ಲಿ ಆ ಪ್ಯಾಕೆಟ್ ಕಂಡರೆ, ಚಾಲಕರು ಏನಾದರೊಂದು ಮಾತು ಆಡಿಯೇ ಆಡುತ್ತಾರೆ. ಗಿರಾಕಿ ಮುಂದಿನ ಸಲ ಜಗಳವಿಲ್ಲದ ಪ್ಯಾಕೆಟ್ ಕೇಳುತ್ತಾನೆ, ನಾನು ಕೊಡುತ್ತೇನೆ.

ಉತ್ತರ 3 (ಕಾಸರಗೋಡು, ಸದ್ಯ ಬೆಂಗಳೂರು)

ಮಾನವ ಸಂಪನ್ಮೂಲ ವಿಭಾಗದಲ್ಲಿ ಕೆಲಸ ಮಾಡುತ್ತಿರುವ ನನಗೆ, ಗಿರಾಕಿಗಿಂತ ಮೊದಲು ಕಂಪನಿಯ ಒಳಗಿನವರು ಕಣ್ಣಿಗೆ ಬೀಳುತ್ತಾರೆ. 2017ರ ಫೆಬ್ರವರಿಯಲ್ಲಿ ಊಬರ್ ಸಿಇಒ ಟ್ರಾವಿಸ್ ಕಲಾನಿಕ್ ತಮ್ಮದೇ ಕಂಪನಿಯ ಚಾಲಕನೊಂದಿಗೆ ವಾಗ್ವಾದ ಮಾಡಿದ ವೀಡಿಯೋ ಹೊರಬಿತ್ತು. ಅವರು ಕ್ಷಮೆ ಕೇಳಿದರೂ ಜೂನಿನಲ್ಲಿ ಹುದ್ದೆ ಬಿಡಬೇಕಾಯಿತು. ಆ ವೀಡಿಯೋ ಒಂದೇ ಕಾರಣವಾಗಿರಲಿಲ್ಲ. ಕಂಪನಿಯಲ್ಲಿ ನಡೆದ ಲೈಂಗಿಕ ಕಿರುಕುಳದ ಬಗ್ಗೆ ಮಾಜಿ ಇಂಜಿನಿಯರ್ ಒಬ್ಬರು ಅದೇ ತಿಂಗಳು ಬರೆದಿದ್ದರಿಂದ, ಜನ ಎರಡನ್ನೂ ಕೂಡಿಸಿ ಓದಿದರು. ನಿಮ್ಮಲ್ಲಿ ಲೋಡಿಂಗಿನವರಿಗೂ ಡ್ರೈವರುಗಳಿಗೂ ಹಿಂದೆ ಇಂತಹ ಅನುಭವವಾಗಿದ್ದರೆ, ‘ಒಂದು ದಿನದ ಸಿಟ್ಟು’ ಎಂಬ ಸಮಜಾಯಿಷಿಯನ್ನು ಮೊದಲು ಅಲ್ಲಗಳೆಯುವವರು ಅವರೇ.

ಎರಡನೆಯ ವಿಷಯವೆಂದರೆ, ಮುಖ್ಯಸ್ಥರನ್ನು ಪ್ರಶ್ನಿಸುವವರು ಯಾರು ಎಂಬುದು. ಮೆಕ್‌ಡೊನಾಲ್ಡ್ಸ್ 2019ರ ನವೆಂಬರಿನಲ್ಲಿ ಸ್ಟೀವ್ ಈಸ್ಟರ್‌ಬ್ರೂಕ್ ಅವರನ್ನು ಉದ್ಯೋಗಿಯೊಂದಿಗಿನ ಸಂಬಂಧದ ಕಾರಣಕ್ಕೆ ಕೆಲಸದಿಂದ ತೆಗೆದಾಗ ಕೈತುಂಬ ಪರಿಹಾರ ಕೊಟ್ಟು ಕಳುಹಿಸಿತ್ತು. ಅವರು ಇನ್ನೂ ಹಲವು ಸಂಬಂಧಗಳನ್ನು ಮುಚ್ಚಿಟ್ಟಿದ್ದರೆಂದು ಅನಂತರ ಆರೋಪಿಸಿ ಮೊಕದ್ದಮೆ ಹೂಡಿತು. 2021ರ ಡಿಸೆಂಬರಿನ ರಾಜಿಯಲ್ಲಿ ಅವರು 10.5 ಕೋಟಿ ಡಾಲರಿಗೂ ಹೆಚ್ಚು ಮೌಲ್ಯದ ಹಣ ಮತ್ತು ಷೇರುಗಳನ್ನು ಹಿಂತಿರುಗಿಸಿದರು. ಕುಟುಂಬದ ಕಂಪನಿಯಲ್ಲಿ ಡೈರೆಕ್ಟರುಗಳೆಂದರೆ ಹೆಂಡತಿ, ತಮ್ಮ, ಭಾವ. ಅಂತಹ ತನಿಖೆಯನ್ನು ಯಾರು ಮಾಡಿಯಾರು? ನಿಮ್ಮಂತಹ ಲೆಕ್ಕ ನೋಡುವವರು ಅಂಕಿಅಂಶ ಹಿಡಿದು ಮಾತನಾಡುವುದೊಂದೇ ಉಳಿದಿರುವ ದಾರಿ.

ಪ್ರಶ್ನಿಸಿದವರಿಂದ (ಬದಿಯಡ್ಕ)

ಎಲ್ಲರಿಗೂ ಕೃತಜ್ಞತೆಗಳು. ಉಪ್ಪಳದವರು ಹೇಳಿದಂತೆ ಎರಡೂ ಲೈನುಗಳ ಲೆಕ್ಕ ತೆಗೆದೆ. ಪುತ್ತೂರು ಕಡೆಯೂ ಮಾರಾಟ ಇಳಿದಿದೆ, ಆದರೆ ಮುಖ್ಯವಾಗಿ ದೊಡ್ಡ ಪ್ಯಾಕೆಟ್ಟಿನಲ್ಲಿ. ಕುಂಬಳೆ ಲೈನಿನಲ್ಲಿ ಸಣ್ಣದೂ ದೊಡ್ಡದೂ ಒಂದೇ ರೀತಿ ಕುಸಿದಿವೆ. ಇದನ್ನು ಧನಿಗಳ ಮುಂದಿಟ್ಟಾಗ ಅವರು ಭಾವಚಿತ್ರ ತೆಗೆಯಲು ಒಪ್ಪಿದರು, ಆದರೆ ಮುದ್ರಿಸಿಟ್ಟ ಫಿಲಂ ರೋಲುಗಳು ಮುಗಿಯಲಿ ಎಂದರು. ಚಾಲಕರ ಮನೆಗೆ ಹೋಗಿ ಬರುವ ವಿಚಾರಕ್ಕೆ ಉತ್ತರ ಕೊಡಲಿಲ್ಲ.

ಉತ್ತರ 2 (ಉಪ್ಪಳ)

ರೋಲು ಮುಗಿಯಲು ಕಾಯಬೇಡಿ, ಆ ಜಾಗದ ಮೇಲೆ ಸ್ಟಿಕ್ಕರ್ ಹಚ್ಚುವುದೂ ಬೇಡ. ಏನನ್ನು ಮುಚ್ಚಿದ್ದಾರೆಂದು ಜನ ಕೆರೆದು ನೋಡುತ್ತಾರೆ. ಮೊದಲು ಧನಿಗಳು ಚಾಲಕರ ಮನೆಗೆ ಹೋಗಿಬರಲಿ, ಜತೆಗೆ ಮೊಬೈಲ್ ಹಿಡಿದವರು ಯಾರೂ ಹೋಗದಿರಲಿ.